ಮಗುವಿನ ಬಟ್ಟೆಗೆ ಸಾವಯವ ಹತ್ತಿಯೇ ಬೇಕೆ? ಹೆಚ್ಚು ಹಣ ಕೊಟ್ಟರೆ ನಿಜವಾಗಿ ಸಿಗುವುದೇನು?

ಸಾಲಗಾಮೆ ರಸ್ತೆಯ ತಾಯಿ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ ಐದು ತಿಂಗಳು. ಸಕಲೇಶಪುರದ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಹಾಸನಕ್ಕೆ ಬಂದು ಒಂದು ತಿಂಗಳಾಯಿತು. ಬಂದ ಎರಡನೆಯ ವಾರದಲ್ಲಿ ಮಗುವಿನ ಕತ್ತಿನ ಮಡಿಕೆ, ಕಂಕುಳು ಮತ್ತು ಬೆನ್ನಿನ ಮೇಲೆ ಸಣ್ಣ ಕೆಂಪು ಗುಳ್ಳೆಗಳು ಎದ್ದವು. ವೈದ್ಯರು ನೋಡಿ, ಗಾಬರಿಪಡುವಂಥದ್ದೇನೂ ಇಲ್ಲ, ಸಡಿಲವಾದ ಹತ್ತಿ ಬಟ್ಟೆ ಹಾಕಿ ಎಂದು ಹೇಳಿ ಕಳುಹಿಸಿದರು. ನಾಮಕರಣಕ್ಕೆ ಉಡುಗೊರೆಯಾಗಿ ಬಂದಿದ್ದ ಹೊಳೆಯುವ ಫ್ರಾಕುಗಳನ್ನು ಆ ದಿನಗಳಲ್ಲಿ ನೆಂಟರ ಮನೆಗೆ ಹೋಗುವಾಗಲೆಲ್ಲ ಹಾಕಿದ್ದೆವು. ಕೆಲವನ್ನು ಪೊಟ್ಟಣದಿಂದ ತೆಗೆದು, ಒಗೆಯದೆ ಹಾಗೆಯೇ ತೊಡಿಸಿದ್ದೆವು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

ಸುದ್ದಿ ತಿಳಿದು ಬೆಂಗಳೂರಿನಲ್ಲಿರುವ ನನ್ನ ಅಕ್ಕ ಸಾವಯವ ಹತ್ತಿಯ ಮೂರು ಜಬಲಗಳನ್ನು ಕಳುಹಿಸಿದಳು. ಅವುಗಳ ಬೆಲೆ 1,450 ರೂಪಾಯಿ. ಅಷ್ಟು ಹಣಕ್ಕೆ ಇಲ್ಲಿನ ಪೇಟೆಯಲ್ಲಿ ಹತ್ತು ಹನ್ನೆರಡು ಸಾಧಾರಣ ಹತ್ತಿ ಜಬಲಗಳು ಬರುತ್ತವೆ. ಅತ್ತೆಯವರಾದರೋ ಅರಕಲಗೂಡಿನ ಕಡೆಯ ಊರಮನೆಯಿಂದ ಒಂದು ಟ್ರಂಕನ್ನೇ ತರಿಸಿದ್ದಾರೆ. ಅದರಲ್ಲಿ ಅವರ ಹಳೆಯ ನೂಲಿನ ಸೀರೆಗಳೂ, ನನ್ನ ಯಜಮಾನರು ಮಗುವಾಗಿದ್ದಾಗ ತೊಟ್ಟ ಕುಲಾವಿ ಮತ್ತು ಅಂಗಿಗಳೂ ನುಸಿಗುಳಿಗೆಗಳ ನಡುವೆ ಜೋಪಾನವಾಗಿ ಇವೆ. ಹಳೆಯ ಸೀರೆಯ ಮೆದುತನ ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ ಎನ್ನುವುದು ಅವರ ಮಾತು. ಅಕ್ಕನ ಕಾಳಜಿಯೂ ಅತ್ತೆಯವರ ಅನುಭವವೂ ನನಗೆ ದೊಡ್ಡವೇ. ಆದರೆ ತಿಂಗಳ ಸಂಬಳದಲ್ಲಿ ಮನೆ ನಡೆಸುವವರು ನಾವು. ಮೂರು ತಿಂಗಳಿಗೆ ಸಣ್ಣದಾಗುವ ಬಟ್ಟೆಗೆ ಇಷ್ಟು ಕೊಡುವುದರಿಂದ ಮಗುವಿನ ಚರ್ಮಕ್ಕೆ ನಿಜವಾಗಿ ಆಗುವ ಉಪಕಾರವೇನು? ಚೀಟಿಯ ಮೇಲೆ ಸಾವಯವ ಎಂದು ಬರೆದಿದ್ದರೆ ಅದನ್ನು ನಂಬುವುದು ಹೇಗೆ? ತಿಳಿದವರು ದಯವಿಟ್ಟು ಹೇಳಬೇಕು.

ಮಕ್ಕಳ ವಾರ್ಡಿನ ನಿವೃತ್ತ ಶುಶ್ರೂಷಕಿ, ಚಿಕ್ಕಮಗಳೂರು

ನೋಡಮ್ಮ, ನೀವು ಕೇಳಿದ ಪ್ರಶ್ನೆಗಿಂತ ಮೊದಲು ಆ ಟ್ರಂಕಿನ ವಿಷಯ ಹೇಳುತ್ತೇನೆ, ಏಕೆಂದರೆ ಅದು ತುರ್ತಿನದು. ನುಸಿಗುಳಿಗೆಯಲ್ಲಿರುವುದು ಸಾಮಾನ್ಯವಾಗಿ ನ್ಯಾಫ್ತಲೀನ್. ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಈ ವಸ್ತು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ರಕ್ತಹೀನತೆ ಮತ್ತು ತೀವ್ರವಾದ ಕಾಮಾಲೆ ಕಾಣಿಸಿಕೊಳ್ಳಬಹುದು. ಮಗು ಅದನ್ನು ನುಂಗಲೇಬೇಕೆಂದಿಲ್ಲ. ಗುಳಿಗೆಯ ಜೊತೆ ಇಟ್ಟಿದ್ದ ಬಟ್ಟೆಯನ್ನು ಸುತ್ತಿದರೂ, ಅದರ ಆವಿಯನ್ನು ಉಸಿರಾಡಿದರೂ ಸಾಕು. ನಿಮ್ಮ ಮಗುವಿಗೆ ಆ ಕೊರತೆ ಇದೆಯೋ ಇಲ್ಲವೋ ಪರೀಕ್ಷೆ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಟ್ರಂಕನ್ನು ಇಂದೇ ಮಗು ಮಲಗುವ ಕೋಣೆಯಿಂದ ಹೊರಗೆ ಹಾಕಿಸಿ. ಸೀರೆಗಳನ್ನು ಹಲವು ದಿನ ಬಿಸಿಲು ಗಾಳಿಗೆ ಹರವಿ, ಎರಡು ಮೂರು ಸಲ ಒಗೆದು, ವಾಸನೆ ಎಳ್ಳಷ್ಟೂ ಉಳಿದಿಲ್ಲ ಎಂದು ಖಚಿತವಾದ ಮೇಲೆಯೇ ಬಳಸಿ; ವಾಸನೆ ಉಳಿದವನ್ನು ಬಳಸಲೇಬೇಡಿ. ಅತ್ತೆಯವರಿಗೆ ಇದನ್ನು ಸಮಾಧಾನದಿಂದ ಹೇಳಿ. ಅವರು ಪ್ರೀತಿಯಿಂದಲೇ ಕಾಪಾಡಿಟ್ಟದ್ದು.

ಇನ್ನು ಚರ್ಮದ ವಿಷಯ. ಎಳೆಯ ಮಗುವಿನ ಚರ್ಮದ ಹೊರಪದರ ದೊಡ್ಡವರದಕ್ಕಿಂತ ತೆಳುವಾಗಿರುತ್ತದೆ. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚಾಗಿರುತ್ತದೆ. ಹಾಗಾಗಿ ಮೈಮೇಲೆ ಬಿದ್ದ ಯಾವುದೇ ವಸ್ತು ಮಗುವಿನಲ್ಲಿ ಒಳಗಿಳಿಯುವ ಪ್ರಮಾಣವೂ ಹೆಚ್ಚು. ಅದರ ಮೇಲೆ, ಐದಾರು ತಿಂಗಳ ಮಗು ಬಟ್ಟೆಯನ್ನು ತೊಡುವುದಷ್ಟೇ ಅಲ್ಲ, ತೋಳಿನ ತುದಿಯನ್ನೂ ಕೊರಳಪಟ್ಟಿಯನ್ನೂ ದಿನವಿಡೀ ಚೀಪುತ್ತದೆ. ಮಕ್ಕಳ ಬಟ್ಟೆಗೆ ಬೇರೆಯೇ ಎಚ್ಚರಿಕೆ ಬೇಕು ಎನ್ನುವುದು ಈ ಕಾರಣಕ್ಕೆ.

ನೀವು ವಿವರಿಸಿದ ಗುಳ್ಳೆಗಳು ಎದ್ದ ಜಾಗಗಳನ್ನು ನೋಡಿದರೆ ಬೆವರುಸಾಲೆ ಇರಬಹುದು ಎನಿಸುತ್ತದೆ. ನೋಡದೆ ನಿಶ್ಚಯವಾಗಿ ಹೇಳಲಾರೆ, ವೈದ್ಯರ ಮಾತೇ ಕೊನೆಯದು. ಮಕ್ಕಳ ಬೆವರಿನ ನಾಳಗಳು ಇನ್ನೂ ಬಲಿತಿರುವುದಿಲ್ಲ, ಬೇಗ ಕಟ್ಟಿಕೊಳ್ಳುತ್ತವೆ. ಹೊಳೆಯುವ ಫ್ರಾಕುಗಳು ಬಹುಪಾಲು ಪಾಲಿಯೆಸ್ಟರ್ ಅಥವಾ ನೈಲಾನ್ ಬಲೆಯ ಬಟ್ಟೆಯವು. ಅವು ಬೆವರನ್ನು ಹೀರುವುದಿಲ್ಲ. ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್ ಬಣ್ಣಗಳು ಎಳೆಯೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುವುದಿಲ್ಲವಾದ್ದರಿಂದ, ಬೆವರು ಮತ್ತು ತಿಕ್ಕಾಟಕ್ಕೆ ಚರ್ಮಕ್ಕೆ ಇಳಿಯಬಲ್ಲವು, ಮತ್ತು ಅವುಗಳಲ್ಲಿ ಕೆಲವು ಚರ್ಮದ ಅಲರ್ಜಿಗೆ ಕಾರಣವಾಗುತ್ತವೆ ಎಂಬುದು ಚರ್ಮವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಸಂಗತಿ. ಹೊಸ ಬಟ್ಟೆ ಸುಕ್ಕಾಗದಂತೆ ಹಾಕುವ ರಾಳದಿಂದ ಫಾರ್ಮಾಲ್ಡಿಹೈಡ್ ಎಂಬ, ಚರ್ಮವನ್ನು ಕೆರಳಿಸುವ ರಾಸಾಯನಿಕ ಬಿಡುಗಡೆಯಾಗುವುದೂ ಉಂಟು. ಒಗೆದರೆ ಅದು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಹೊಸ ಬಟ್ಟೆಯನ್ನು ಎರಡು ಸಲ ಒಗೆಯದೆ ಮಗುವಿಗೆ ಹಾಕಬೇಡಿ ಎಂದು ನಾನು ವಾರ್ಡಿನಲ್ಲಿ ಪ್ರತಿ ತಾಯಿಗೂ ಹೇಳುತ್ತಿದ್ದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಹೊಲದಲ್ಲಿ ಹೊಡೆದ ಕೀಟನಾಶಕ ಅಂಗಿಯ ಮೂಲಕ ಮಗುವಿನ ಮೈಗೆ ಬರುತ್ತದೆ ಎಂದು ಅನೇಕ ತಾಯಂದಿರು ಹೆದರುತ್ತಾರೆ. ಹತ್ತಿ ಬಟ್ಟೆಯನ್ನು ಬಣ್ಣ ಹಾಕುವ ಮೊದಲು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಅದರ ಸಹಜ ಮೇಣವನ್ನೂ ಕೊಳೆಯನ್ನೂ ತೆಗೆಯುತ್ತಾರೆ, ಬಳಿಕ ಬಿಳುಪು ಮಾಡುತ್ತಾರೆ; ಆ ಹಂತಗಳನ್ನು ದಾಟಿ ಉಳಿಯುವ ಕೀಟನಾಶಕದ ಅಂಶ ಅತ್ಯಲ್ಪ. ಬರಿಯ ಸಾಮಾನ್ಯ ಹತ್ತಿ ಎಂಬ ಕಾರಣಕ್ಕೆ ಗುಳ್ಳೆ ಏಳುವುದಿಲ್ಲ. ಸಾವಯವ, ಸಾಮಾನ್ಯ ಎರಡರಲ್ಲಿಯೂ ಎಳೆ ಒಂದೇ. ಮಗುವಿಗೆ ತೊಂದರೆ ಕೊಡುವುದು ಹೊಲದಿಂದ ಬಂದದ್ದಕ್ಕಿಂತ ಹೆಚ್ಚಾಗಿ ಬಣ್ಣದ ಮನೆಯಲ್ಲಿ, ಹೊಲಿಗೆಯ ಮನೆಯಲ್ಲಿ ಮತ್ತು ನಮ್ಮ ಬಚ್ಚಲಿನಲ್ಲಿ ಸೇರಿದ್ದು. ಒಗೆದ ಬಟ್ಟೆಗೆ ಪರಿಮಳದ ಕಂಡೀಷನರ್ ಹಾಕುವುದನ್ನು ನಿಲ್ಲಿಸಿ. ಸೋಪಿನ ಅಂಶ ಹೋಗುವಂತೆ ಒಂದು ನೀರು ಹೆಚ್ಚಾಗಿಯೇ ಜಾಲಿಸಿ. ಅತ್ತೆಯವರ ಸೀರೆ ಚೆನ್ನಾಗಿರುವುದು ಇದೇ ಕಾರಣಕ್ಕೆ: ನೂರಾರು ಸಲ ಒಗೆದ ಬಟ್ಟೆಯಲ್ಲಿ ಬಿಡಬೇಕಾದ ಬಣ್ಣ, ಗಂಜಿ, ರಾಳಗಳೆಲ್ಲ ಬಿಟ್ಟುಹೋಗಿರುತ್ತವೆ.

ಗಾರ್ಮೆಂಟ್ಸ್ ಗುಣಮಟ್ಟ ವಿಭಾಗದವಳು, ಹಾಸನ

ಹಿರಿಯರು ಹೇಳಿದ ಬಣ್ಣದ ಮನೆಯ ಮಾತನ್ನು ನಾನು ಮುಂದುವರಿಸುತ್ತೇನೆ. ಹಾಸನದ ಕೈಗಾರಿಕಾ ಪ್ರದೇಶದ ಬಟ್ಟೆ ಕಾರ್ಖಾನೆಗಳಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ಹೊರದೇಶಕ್ಕೆ ಹೋಗುವ ಮಾಲಿನ ಕಾಗದಪತ್ರಗಳನ್ನು ನೋಡುವುದೂ ನನ್ನ ಕೆಲಸದ ಒಂದು ಭಾಗ.

ಅಕ್ಕಾ, ಸಾವಯವ ಎಂಬ ಪದವನ್ನು ಚೀಟಿಯ ಮೇಲೆ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನೀವು ಹುಡುಕಬೇಕಾದದ್ದು ಗಾಟ್ಸ್ ಗುರುತು, ಅಂದರೆ ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್. ಇದರಲ್ಲಿ ಎರಡು ದರ್ಜೆಗಳಿವೆ. ಚೀಟಿಯಲ್ಲಿ ಬರಿದೇ ಆರ್ಗ್ಯಾನಿಕ್ ಎಂದಿದ್ದರೆ ಎಳೆಯಲ್ಲಿ ಕನಿಷ್ಠ 95 ಪ್ರತಿಶತ ಪ್ರಮಾಣಿತ ಸಾವಯವ ನಾರು ಇರಲೇಬೇಕು. ಮೇಡ್ ವಿತ್ ಆರ್ಗ್ಯಾನಿಕ್ ಎಂದಿದ್ದರೆ ಕನಿಷ್ಠ 70 ಪ್ರತಿಶತ. ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ನಾರಿನ ಲೆಕ್ಕಕ್ಕಿಂತ ಮುಂದಿನ ಹಂತಗಳಲ್ಲಿದೆ. ನೂಲು, ನೇಯ್ಗೆ, ಬಣ್ಣ, ಹೊಲಿಗೆ ಹೀಗೆ ಪ್ರತಿಯೊಂದು ಘಟಕವೂ ತಪಾಸಣೆಗೆ ಒಳಪಡಬೇಕು. ಕ್ಲೋರಿನ್ ಬಿಳುಪು ಹಾಕುವಂತಿಲ್ಲ, ಕ್ಯಾನ್ಸರ್‌ಕಾರಕ ಅಮೀನುಗಳನ್ನು ಬಿಡುವ ಅಜೋ ಬಣ್ಣಗಳು ಕೂಡದು, ಪಿವಿಸಿ ಪ್ಲಾಸ್ಟಿಕ್ ಮತ್ತು ಅದನ್ನು ಮೆತ್ತಗಾಗಿಸುವ ಥ್ಯಾಲೇಟ್ ಇರುವ ರಬ್ಬರಿನಂಥ ದಪ್ಪ ಪ್ರಿಂಟುಗಳನ್ನು ಒತ್ತುವಂತಿಲ್ಲ. ಬಾಲಕಾರ್ಮಿಕರು ಇರಬಾರದು, ಕೆಲಸದ ಸ್ಥಳ ಸುರಕ್ಷಿತವಾಗಿರಬೇಕು ಎಂಬ ಷರತ್ತುಗಳೂ ಇವೆ. ತಪಾಸಣೆಯ ದಿನ ಬಣ್ಣದ ಡಬ್ಬಿಯಿಂದ ಹಿಡಿದು ನಮ್ಮ ಶೌಚಾಲಯದ ನೀರಿನವರೆಗೆ ನೋಡುವುದನ್ನು ನಾನೇ ಕಂಡಿದ್ದೇನೆ. ಮೇಲೆ ಹೇಳಿದಂಥ ಅಜೋ ಬಣ್ಣಗಳಲ್ಲಿ 70ನ್ನು ನಮ್ಮ ಸರ್ಕಾರ 1997ರಲ್ಲೇ ನಿಷೇಧಿಸಿದೆ. ಆದರೆ ಬೀದಿ ಬದಿಯ, ಹೆಸರಿಲ್ಲದ ಮಾಲಿನಲ್ಲಿ ಯಾವ ಬಣ್ಣ ಬಿದ್ದಿದೆ ಎಂದು ಪರೀಕ್ಷಿಸುವವರು ಯಾರು?

ಇನ್ನೊಂದು ಗುರುತು ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100. ಹತ್ತಿ ಸಾವಯವವೋ ಅಲ್ಲವೋ ಎಂಬುದನ್ನು ಇದು ಹೇಳುವುದಿಲ್ಲ. ತಯಾರಾದ ಬಟ್ಟೆಯಲ್ಲಿ, ಅದರ ದಾರ, ಗುಂಡಿ, ಚೀಟಿ ಸಹಿತವಾಗಿ, ಹಾನಿಕರ ವಸ್ತುಗಳು ಮಿತಿಯೊಳಗಿವೆಯೇ ಎಂಬುದನ್ನಷ್ಟೇ ಪರೀಕ್ಷಿಸುತ್ತದೆ. ಇದರ ಒಂದನೆಯ ವರ್ಗ ಮೂರು ವರ್ಷದವರೆಗಿನ ಮಕ್ಕಳಿಗಾಗಿಯೇ ಇರುವುದು, ಮತ್ತು ಅತ್ಯಂತ ಬಿಗಿಯಾದದ್ದು: ದೊಡ್ಡವರ ಮೈಗೆ ತಾಗುವ ಬಟ್ಟೆಯಲ್ಲಿ ಕಿಲೋಗೆ 75 ಮಿಲಿಗ್ರಾಂ ಫಾರ್ಮಾಲ್ಡಿಹೈಡ್‌ವರೆಗೆ ಅವಕಾಶವಿದ್ದರೆ, ಈ ವರ್ಗದಲ್ಲಿ ಅದು ಪರೀಕ್ಷೆಗೆ ಸಿಗುವಷ್ಟೂ ಇರಬಾರದು, ಬಣ್ಣವು ಜೊಲ್ಲಿಗೂ ಬೆವರಿಗೂ ಬಿಡಬಾರದು. ಮಗುವಿನ ಚರ್ಮವೊಂದೇ ನಿಮ್ಮ ಚಿಂತೆಯಾದರೆ, ಈ ಗುರುತಿರುವ ಸಾಧಾರಣ ಹತ್ತಿ ಬಟ್ಟೆ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ನಂಬಿಕೆಯ ವಿಷಯದಲ್ಲಿ ಮುಚ್ಚಿಡುವುದು ಸರಿಯಲ್ಲ. 2020ರಲ್ಲಿ ಸುಮಾರು 20,000 ಟನ್ ಹತ್ತಿಗೆ ಭಾರತದಲ್ಲಿ ನಕಲಿ ಪ್ರಮಾಣಪತ್ರಗಳು ಸೃಷ್ಟಿಯಾಗಿದ್ದುದನ್ನು ಗಾಟ್ಸ್ ಸಂಸ್ಥೆಯೇ ಪತ್ತೆ ಮಾಡಿ ಪ್ರಕಟಿಸಿತು. ಹಾಗೆಂದು ಗುರುತೇ ಸುಳ್ಳು ಎನ್ನಲಾಗದು. ಪರೀಕ್ಷಿಸುವ ದಾರಿ ಇದ್ದದ್ದರಿಂದಲೇ ಅದು ಸಿಕ್ಕಿಬಿದ್ದದ್ದು. ನಿಜವಾದ ಚೀಟಿಯಲ್ಲಿ ಗುರುತಿನ ಜೊತೆಗೆ ಪ್ರಮಾಣೀಕರಿಸಿದ ಸಂಸ್ಥೆಯ ಹೆಸರೂ ಪರವಾನಗಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಗಾಟ್ಸ್‌ನ ಸಾರ್ವಜನಿಕ ದತ್ತಾಂಶದಲ್ಲಿ ಹಾಕಿ ನೋಡಿದರೆ ಕಂಪನಿಯ ಹೆಸರು ಬರುತ್ತದೆ. ಸಂಖ್ಯೆಯೇ ಇಲ್ಲದಿದ್ದರೆ ಅದು ಬರಿಯ ಅಲಂಕಾರ. ಹಾಗೆಯೇ ಬಿದಿರಿನ ಬಟ್ಟೆ ಎಂದು ಮಾರುವುದನ್ನು ಸಾವಯವವೆಂದು ಎಣಿಸಬೇಡಿ. ಅದು ಬಹುಪಾಲು ಬಿದಿರಿನ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ತೆಗೆದ ವಿಸ್ಕೋಸ್ ಎಂಬ ನಾರು.

ಹಾವೇರಿಯ ಮಗಳು, ಕಡೂರಿನ ಸೊಸೆ

ಇಲ್ಲಿಯವರೆಗೆ ಎಲ್ಲರೂ ಕೊಳ್ಳುವವರ ಮಗುವಿನ ಬಗ್ಗೆ ಮಾತನಾಡಿದ್ದೀರಿ, ಅದು ಸಹಜವೇ. ನಾನು ಹತ್ತಿ ಬೆಳೆಯುವ ಮನೆಯಲ್ಲಿ ಹುಟ್ಟಿದವಳು. ಆ ಇನ್ನೊಂದು ತುದಿಯಲ್ಲಿಯೂ ಮಕ್ಕಳಿದ್ದಾರೆ ಎಂಬುದನ್ನು ಹೇಳದೆ ಇರಲಾರೆ.

ನನ್ನ ತಂದೆ ಬೆನ್ನಿಗೆ ಪಂಪು ಕಟ್ಟಿಕೊಂಡು ಹತ್ತಿಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದು ಸಂಜೆ ಮನೆಗೆ ಬಂದಾಗ, ಅವರು ಸ್ನಾನ ಮಾಡುವವರೆಗೆ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಅವರ ಅಂಗಿಯನ್ನು ಅವ್ವ ಬೇರೆಯಾಗಿ ಒಗೆಯುತ್ತಿದ್ದಳು, ಆದರೆ ಬರಿಗೈಯಲ್ಲಿ. ಕೆಲವು ರಾತ್ರಿ ಅಪ್ಪನಿಗೆ ತಲೆ ತಿರುಗಿ ವಾಂತಿಯಾಗುತ್ತಿತ್ತು; ಮಜ್ಜಿಗೆ ಕುಡಿದು ಮಲಗಿದರೆ ಬೆಳಗ್ಗೆ ಮತ್ತೆ ಹೊಲ. ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಕುಲಾಂತರಿಸಿದ ಬಿಟಿ ಹತ್ತಿಗೆ 2002ರಲ್ಲಿ ಒಪ್ಪಿಗೆ ಸಿಕ್ಕಾಗ ಇನ್ನು ಮುಂದೆ ಇಷ್ಟು ಹೊಡೆಯಬೇಕಾಗಿಲ್ಲ ಎಂದು ಎಲ್ಲರೂ ನಂಬಿದರು, ಮೊದಲ ವರ್ಷಗಳಲ್ಲಿ ಕಾಯಿಕೊರಕದ ಕಾಟ ಕಡಿಮೆಯೂ ಆಯಿತು. ಆಮೇಲೆ ಗುಲಾಬಿ ಕಾಯಿಕೊರಕ ಆ ವಿಷಕ್ಕೆ ಒಗ್ಗಿಕೊಂಡಿತು, ರಸ ಹೀರುವ ಹುಳುಗಳು ಹೆಚ್ಚಿದವು, ಪಂಪು ಮತ್ತೆ ಬೆನ್ನಿಗೇರಿತು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಔಷಧಿ ಹೊಡೆಯುವಾಗಲೇ ವಿಷವೇರಿ 20ಕ್ಕೂ ಹೆಚ್ಚು ಜನ ರೈತರು, ಕೂಲಿಕಾರರು ಸತ್ತರು. ಆ ಸುದ್ದಿ ಓದಿದ ದಿನ ನಾನು ತವರಿಗೆ ಮೂರು ಸಲ ಫೋನ್ ಮಾಡಿದೆ. ನಮ್ಮ ಭಾಗದಲ್ಲಿ ಹೈಬ್ರಿಡ್ ಬೀಜ ಕಟ್ಟುವ ಪ್ಲಾಟುಗಳೂ ಇವೆ. ಒಂದೊಂದು ಹೂವನ್ನೂ ಕೈಯಲ್ಲೇ ಬಿಡಿಸಿ ಪರಾಗ ಮುಟ್ಟಿಸಬೇಕಾದ ಆ ಕೆಲಸಕ್ಕೆ ಶಾಲೆ ಬಿಡಿಸಿ ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಿದ್ದ ಕಾಲವನ್ನು ನಾನು ಕಂಡಿದ್ದೇನೆ. ನನ್ನ ತರಗತಿಯ ಇಬ್ಬರು ಗೆಳತಿಯರು ಹಾಗೆ ಹೋದವರು ಮತ್ತೆ ಶಾಲೆಗೆ ಬರಲಿಲ್ಲ.

ಸಾವಯವ ಹತ್ತಿಯಲ್ಲಿ ಈ ರಾಸಾಯನಿಕ ಔಷಧಿಗಳಿಗೂ ಬಿಟಿ ಬೀಜಕ್ಕೂ ಅವಕಾಶವಿಲ್ಲ. ಹುಳುವಿಗೆ ಬೇವಿನ ಕಷಾಯ ಹೊಡೆಯುತ್ತಾರೆ, ಸಾಲಿನ ನಡುವೆ ತೊಗರಿಯನ್ನೋ ಅಲಸಂದೆಯನ್ನೋ ಬಿತ್ತುತ್ತಾರೆ, ಸಗಣಿಗೊಬ್ಬರ ಹಾಕುತ್ತಾರೆ. ಕಷ್ಟಗಳೂ ಇವೆ: ದೇಶದ ಹತ್ತಿ ಹೊಲಗಳಲ್ಲಿ 90 ಪ್ರತಿಶತಕ್ಕಿಂತ ಹೆಚ್ಚು ಬಿಟಿಯೇ ಆಗಿರುವುದರಿಂದ ಬೇರೆ ಬೀಜ ಸಿಗುವುದೇ ದುರ್ಲಭ, ಆರಂಭದ ವರ್ಷಗಳಲ್ಲಿ ಇಳುವರಿಯೂ ಇಳಿಯುತ್ತದೆ. ಆ ನಷ್ಟವನ್ನು ಯಾರಾದರೂ ತುಂಬಿಕೊಡಬೇಕು. ಅಕ್ಕ ಕೊಟ್ಟ 1,450 ರೂಪಾಯಿಯಲ್ಲಿ ರೈತನ ಕೈಗೆ ಸೇರುವುದು ಸಣ್ಣ ಪಾಲು, ಅದು ನನಗೂ ಗೊತ್ತು; ಆದರೆ ಆ ಸಣ್ಣ ಪಾಲೂ ಇಲ್ಲವಾದರೆ ಅವನು ಮತ್ತೆ ಪಂಪು ಹೊರುತ್ತಾನೆ. ನಿಮ್ಮ ಮಗಳ ಗುಳ್ಳೆ ಹೋಗಲಿ ಎಂದು ಸಾವಯವ ಬಟ್ಟೆ ಕೊಳ್ಳಬೇಡಿ, ಅದಕ್ಕೆ ಹಿರಿಯರು ಹೇಳಿದ ದಾರಿಯೇ ಸಾಕು. ಇನ್ನೊಬ್ಬರ ಮಗಳ ತಂದೆ ಸಂಜೆ ಹೊಲದಿಂದ ಬಂದು ಅವಳನ್ನು ಎತ್ತಿಕೊಳ್ಳುವಂತಾಗಲಿ ಎಂದು, ಕೈಲಾದಷ್ಟು, ವರ್ಷಕ್ಕೊಂದು ಜೊತೆಯಾದರೂ ಕೊಳ್ಳಿ.

ಕಾಫಿ ಬೆಳೆಗಾರ, ಮೂಡಿಗೆರೆ

ಸಾವಯವ ಪ್ರಮಾಣಪತ್ರದ ಶ್ರಮವನ್ನು ತೋಟದವರಾದ ನಾವೂ ಬಲ್ಲೆವು. ಕಾಫಿಯಂಥ ಬಹುವಾರ್ಷಿಕ ಬೆಳೆಗೆ ಪರಿವರ್ತನೆಯ ಅವಧಿ ಮೂರು ವರ್ಷ, ಹತ್ತಿಯಂಥ ವಾರ್ಷಿಕ ಬೆಳೆಗೆ ಎರಡು ವರ್ಷ. ಆ ಅವಧಿಯಲ್ಲಿ ನಿಯಮವೆಲ್ಲ ಸಾವಯವದ್ದು, ಬೆಲೆ ಮಾತ್ರ ಸಾಮಾನ್ಯದ್ದು. ಆದ್ದರಿಂದ ಹಾವೇರಿಯ ತಂಗಿಯ ಮಾತಿಗೆ ನನ್ನ ಸಹಮತವಿದೆ.

ನಮ್ಮ ಕಡೆಯ ಒಂದು ವಿಷಯವನ್ನು ಯಾರೂ ಹೇಳಲಿಲ್ಲ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಬಟ್ಟೆ ಒಣಗುವುದೇ ಇಲ್ಲ. ಅರೆ ಒಣಗಿದ ಜಬಲವನ್ನು ಮಡಿಸಿಟ್ಟರೆ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ; ಅದು ಸಾವಯವವಾದರೂ ಅಷ್ಟೇ, ಅಲ್ಲದಿದ್ದರೂ ಅಷ್ಟೇ. ನಮ್ಮ ಮನೆಯಲ್ಲಿ ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಕವುಚಿ ಬಟ್ಟೆ ಹರವುತ್ತಿದ್ದರು. ಹೊಗೆ ಬಟ್ಟೆಯಲ್ಲಿ ಕೂರುತ್ತದೆ, ಕಿಡಿ ಹಾರಿದರೆ ಹತ್ತಿ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ ಎಂಬ ಕಾರಣಕ್ಕೆ ಮೊಮ್ಮಗ ಹುಟ್ಟಿದ ಮೇಲೆ ನಾವು ಅದನ್ನು ನಿಲ್ಲಿಸಿ, ಒಳಗೆ ಹಗ್ಗ ಕಟ್ಟಿ ಫ್ಯಾನಿನ ಗಾಳಿಗೆ ಒಣಗಿಸಿ, ಮಡಿಸುವ ಮುನ್ನ ಬಿಸಿ ಇಸ್ತ್ರಿ ಹಾಕುತ್ತೇವೆ. ಮಳೆಗಾಲಕ್ಕೆ ತೆಳು ಬಟ್ಟೆಗಳೇ ಹೆಚ್ಚು ಸಂಖ್ಯೆಯಲ್ಲಿರಲಿ. ಮೂರು ಒಳ್ಳೆಯ ಜಬಲಗಳಿಂದ ಜುಲೈ ತಿಂಗಳು ಸಾಗುವುದಿಲ್ಲ.

ಒಗೆಯಲು ನಮ್ಮಲ್ಲಿ ಈಗಲೂ ಅಂಟುವಾಳವನ್ನೇ ಬಳಸುತ್ತೇವೆ. ರಾತ್ರಿ ನೆನೆಸಿ ಬೆಳಗ್ಗೆ ಕಿವುಚಿ ಸೋಸಿದ ನೀರು ಎಳೆಯ ಬಟ್ಟೆಗೆ ಹಿತ. ಅದು ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಚೆನ್ನಾಗಿ ಜಾಲಿಸಬೇಕು.

ಸಾಲಗಾಮೆ ರಸ್ತೆಯ ತಾಯಿ, ಹಾಸನ

ನಿಮ್ಮೆಲ್ಲರಿಗೂ ಮನಃಪೂರ್ವಕ ವಂದನೆಗಳು. ಮೊದಲ ಉತ್ತರ ಓದಿದ ಸಂಜೆಯೇ ಟ್ರಂಕನ್ನು ತಾರಸಿಗೆ ಸಾಗಿಸಿದೆವು. ಅತ್ತೆಯವರಿಗೆ ಹೇಳಲು ಅಂಜಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ತಾವೇ ಗುಳಿಗೆಗಳನ್ನು ಆರಿಸಿ ಕಟ್ಟಿ ಮಗುವಿನ ಕೈಗೆ ಸಿಗದಂತೆ ಹೊರಗೆ ಹಾಕಿಸಿದರು. ಏಳು ದಿನ ಬಿಸಿಲಿಗೆ ಹಾಕಿ ಮೂರು ಸಲ ಒಗೆದ ಮೇಲೆ ಎರಡು ಸೀರೆಗಳಲ್ಲಿ ವಾಸನೆ ಸಂಪೂರ್ಣ ಹೋಯಿತು, ಒಂದರಲ್ಲಿ ಹೋಗಲಿಲ್ಲ, ಅದನ್ನು ಬಿಟ್ಟೆವು. ಒಳ್ಳೆಯ ಎರಡರಲ್ಲಿ ಅತ್ತೆಯವರು ಕೈಹೊಲಿಗೆಯಲ್ಲಿ ಆರು ಜಬಲಗಳನ್ನು ಹೊಲಿದಿದ್ದಾರೆ, ಬೆನ್ನಿಗೆ ಲಾಡಿ ಇಟ್ಟು. ಹೊಳೆಯುವ ಫ್ರಾಕುಗಳನ್ನು ನಿಲ್ಲಿಸಿ, ಪರಿಮಳದ ಕಂಡೀಷನರ್ ಬಿಟ್ಟ ಮೇಲೆ ಕತ್ತಿನ ಗುಳ್ಳೆಗಳು ಇಳಿದಿವೆ. ಬೆನ್ನಿನ ಮೇಲೆ ನಾಲ್ಕೈದು ಉಳಿದಿವೆ, ಸೋಮವಾರ ವೈದ್ಯರಿಗೆ ತೋರಿಸುತ್ತೇವೆ.

ಅಕ್ಕ ಕಳುಹಿಸಿದ ಜಬಲಗಳ ಚೀಟಿ ನೋಡಿದೆ. ಸಂಖ್ಯೆ ಇದೆ, ಹುಡುಕಿದಾಗ ಅದೇ ಕಂಪನಿಯ ಹೆಸರು ಬಂದಿತು. ಹಾವೇರಿಯ ಅಕ್ಕನ ಮಾತನ್ನು ನನ್ನ ಅಕ್ಕನಿಗೂ ಓದಿ ಹೇಳಿದೆ. ಪ್ರತಿ ಸಲ ಅದನ್ನೇ ಕೊಳ್ಳುವ ಶಕ್ತಿ ನಮಗಿಲ್ಲ. ಮಗಳ ಹುಟ್ಟುಹಬ್ಬಕ್ಕೆ ಮತ್ತು ಯುಗಾದಿಗೆ ಎಂದು ನಿಶ್ಚಯಿಸಿದ್ದೇವೆ, ಒಂದು ಅಳತೆ ದೊಡ್ಡದನ್ನೇ ತೆಗೆದುಕೊಂಡು ಎರಡು ಮಳೆಗಾಲ ಬರುವಂತೆ. ಸಣ್ಣದಾದ ಮೇಲೆ ನಾದಿನಿಯ ಮಗುವಿಗೆ ಹೋಗುತ್ತವೆ.

ಒಂದೇ ಸಂದೇಹ ಉಳಿದಿದೆ. ಕಳುಹಿಸಿದವುಗಳಲ್ಲಿ ಒಂದಕ್ಕೆ ಲೋಹದ ಟಿಚ್ ಬಟನ್‌ಗಳಿವೆ. ಅವು ಹೊಟ್ಟೆಗೆ ತಾಗುತ್ತವೆ. ಹಾಕಬಹುದೇ?

ಗಾರ್ಮೆಂಟ್ಸ್ ಗುಣಮಟ್ಟ ವಿಭಾಗದವಳು, ಹಾಸನ

ಹಾಕಬಹುದು. ಲೋಹದ ಗುಂಡಿಗಳಲ್ಲಿ ಚರ್ಮಕ್ಕೆ ತೊಂದರೆ ಕೊಡುವುದು ನಿಕ್ಕಲ್. ಗಾಟ್ಸ್ ಬಟ್ಟೆಯಲ್ಲಿ ಗುಂಡಿಯಿಂದ ನಿಕ್ಕಲ್ ಬಿಡುವುದಕ್ಕೂ ಮಿತಿ ಇದೆ. ಆದರೂ ಗುಂಡಿಯ ಹಿಂಬದಿ ನೇರವಾಗಿ ಮೈಗೆ ತಾಗುತ್ತಿದ್ದರೆ ಅತ್ತೆಯವರ ಸೀರೆಯ ಒಂದು ತುಂಡನ್ನು ಒಳಪಟ್ಟಿಯಾಗಿ ಇಟ್ಟು ಹೊಲಿಸಿ. ಪ್ರತಿ ಒಗೆತದ ನಂತರ ಗುಂಡಿಯನ್ನು ಎಳೆದು ನೋಡುವುದನ್ನು ಮಾತ್ರ ಮರೆಯಬೇಡಿ. ಸಡಿಲವಾಗಿ ಕಿತ್ತುಬಂದದ್ದು ನೇರವಾಗಿ ಮಗುವಿನ ಬಾಯಿಗೆ ಹೋಗುತ್ತದೆ.